ಆಕಾಶಕ್ಕೊಬ್ಬನೇ ಹ್ಯಾಲಮ್

“ಟೆಲಿಸ್ಕೋಪಿಗೆ ಈ ಕ್ಯಾಮೆರಾ ಕೂಡಿಸೋದು ಕಲಿಸಿಕೊಡು, ನಿನ್ನ ಹೆಸರು ನಿಂಗೆ ವಾಪಸ್ ಕೊಡ್ತೀನಿ,” ಎಂದಳು ಗ್ಲೆನಿಸ್, ಹಿತ್ತಲ ಗೇಟಿನ ಚಿಲಕ ತೆಗೆಯುತ್ತಾ.

ಮರ್ವಿನ್ ಹ್ಯಾಲಮ್ ಈ ಮಾತಿಗಾಗಿಯೇ ಕಾದಿದ್ದ. ಡೈವೋರ್ಸ್ ಆಗಿ ನಾಲ್ಕು ವರ್ಷವಾದರೂ ಅವಳು ಅವನ ಮನೆತನದ ಹೆಸರನ್ನು ಬಿಟ್ಟಿರಲಿಲ್ಲ. ಅವನಿಗೆ ಇದ್ದದ್ದು ಒಂದೇ ಆಸೆ, ಸಾಯುವುದರೊಳಗೆ ಒಂದು ಹೊಸ ಧೂಮಕೇತು ಕಂಡುಹಿಡಿಯಬೇಕು. ಮೊದಲು ಕಂಡು ತಿಳಿಸಿದವರ ಹೆಸರನ್ನೇ ಅದಕ್ಕೆ ಇಡುತ್ತಾರೆ. ಊರಿನ ನಕ್ಷತ್ರ ಕ್ಲಬ್ಬಿನಲ್ಲಿ ಇಬ್ಬರು ಹ್ಯಾಲಮ್‌ಗಳಿದ್ದರೆ, ಯಾವ ಹ್ಯಾಲಮ್ ಎಂದು ನಾಳೆ ಜನ ಕೇಳುವುದಿಲ್ಲವೇ? “ಆಕಾಶಕ್ಕೆ ಒಬ್ಬನೇ ಹ್ಯಾಲಮ್ ಸಾಕು” ಎಂದು ಕ್ಲಬ್ಬಿನ ಬಾರ್ಬೆಕ್ಯೂಗಳಲ್ಲಿ ಅವಳಿಗೆ ಕೇಳಿಸುವಂತೆಯೇ ಎಷ್ಟೋ ಸಲ ಅಂದಿದ್ದ.

ಆಸ್ತಿ ಪಾಲಾದಾಗ ಅವನ ಹಳೆಯ ಸಣ್ಣ ಟೆಲಿಸ್ಕೋಪು ಗ್ಲೆನಿಸ್ ಪಾಲಿಗೆ ಬಂದಿತ್ತು. ಅವಳು ಅದನ್ನು ಕೇಳಿದ್ದು ಬೇಕಾಗಿ ಅಲ್ಲ, ಅವನ ಹೊಟ್ಟೆ ಉರಿಸಲಿಕ್ಕೆ. ಬಹಳ ಕಾಲ ಅದಕ್ಕೆ ಟೋಪಿ ನೇತುಹಾಕಿದಳು. ಒಂದು ದಿನ ಸುಮ್ಮನೆ ಕಣ್ಣಿಟ್ಟು ನೋಡಿದಳು, ಅಷ್ಟೇ, ಹುಚ್ಚು ಹತ್ತಿತು, ಕ್ಲಬ್ಬಿಗೂ ಸೇರಿದಳು.

ಹೊತ್ತು ಮುಳುಗುತ್ತಿದ್ದಂತೆ ಮರ್ವಿನ್ ಮೂರುಕಾಲಿನ ಸ್ಟ್ಯಾಂಡು ನೆಟ್ಟು, ಮಟ್ಟ ನೋಡಿ, ದಕ್ಷಿಣಕ್ಕೆ ತಿರುಗಿಸಿದ. ಭೂಮಿಯ ದಕ್ಷಿಣಾರ್ಧದ ಈ ಆಕಾಶದಲ್ಲಿ ಗುರುತು ಹಿಡಿಯಲು ಧ್ರುವನಕ್ಷತ್ರ ಇಲ್ಲ. ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ ದಿಕ್ಕು ಹಿಡಿಯಬೇಕು. ಅವನ ಕೈ ಅದರಲ್ಲಿ ಪಳಗಿತ್ತು. ಟೆಲಿಸ್ಕೋಪಿನ ಹಿಂಬದಿಗೆ ಕ್ಯಾಮೆರಾ ಕೂರಿಸಿ, ಆಕಾಶ ತಿರುಗಿದಂತೆ ತಾನೂ ತಿರುಗುವ ಮೋಟಾರಿಗೆ ಬ್ಯಾಟರಿ ಕೊಟ್ಟು, ಜೇಡ ನೀಹಾರಿಕೆ ಎಂಬ ಹೊಳೆಯುವ ಅನಿಲದ ಮೋಡಕ್ಕೆ ಗುರಿಯಿಟ್ಟ. ತಿಂಗಳಿಂದ ಅವನು ತೆಗೆಯುತ್ತಿದ್ದುದೂ ಅದನ್ನೇ.

“ಮೂರು ಮೂರು ನಿಮಿಷಕ್ಕೆ ಒಂದೊಂದು ಫೋಟೊ, ಬೆಳಗಾಗೋವರೆಗೆ. ಆಮೇಲೆ ಎಲ್ಲಾನೂ ಒಂದರ ಮೇಲೊಂದು ಪೇರಿಸೋಕೆ ಕಂಪ್ಯೂಟರಿಗೆ ಬಿಡು. ಜಾಗ ಬಿಟ್ಟು ಕದಲದೇ ಇರೋದನ್ನ ಇಟ್ಕೊಳ್ಳತ್ತೆ, ಕದಲೋದನ್ನ ಕಿತ್ತು ಬಿಸಾಕತ್ತೆ. ವಿಮಾನ, ಉಪಗ್ರಹ, ಎಲ್ಲಾ ಕಸ.”

“ಕದಲೋದೆಲ್ಲಾ ಕಸಾನಾ?”

“ಅಷ್ಟು ವರ್ಷ ನನ್ ಜೊತೆ ಸಂಸಾರ ಮಾಡಿ ಇಷ್ಟೂ ಗೊತ್ತಾಗಲಿಲ್ವಾ ಮಾರಾಯ್ತಿ?”

“ಗೊತ್ತಾಗಿದ್ದಕ್ಕೇ ಮಾರಾಯ, ನಾನು ಕದಲಿ ಈಚೆ ಬಂದಿದ್ದು.”

ಮರುದಿನ ಬೆಳಿಗ್ಗೆ ಮರ್ವಿನ್ ಪಾಠ ಮುಗಿಸಲು ಬಂದಾಗ ಅವಳು ಒಂದು ಫೋಟೊ ತೋರಿಸಿದಳು. ಮೂಲೆಯಲ್ಲಿ ತಿಳಿಹಸಿರಿನ ಒಂದು ಕಲೆ ಇತ್ತು.

“ಲೆನ್ಸ್ ಮೇಲೆ ಕೊಳೆ,” ಎಂದ ಅವನು, ಟೀ ಕಪ್ಪಿನಿಂದ ಮುಖ ಎತ್ತದೆ.

“ಕೊನೇ ಫೋಟೊದಲ್ಲಿ ಅದು ಸ್ವಲ್ಪ ಆಕಡೆ ಹೋಗಿದೆ ಮರ್ವ್.”

“ಕಾಂಗರೂ ಬಂದು ಸ್ಟ್ಯಾಂಡಿಗೆ ಒದ್ದಿರತ್ತೆ.”

“ಹಂಗಾದ್ರೆ ನಕ್ಷತ್ರಗಳೂ ಆಕಡೆ ಹೋಗಬೇಕಿತ್ತಲ್ಲ?”

“ನೋಡು, ಬಿಡಿ ಫೋಟೊಗಳನ್ನ ನಾನು ತೆಗೆದೂ ನೋಡಲ್ಲ. ಸೀದಾ ಕಂಪ್ಯೂಟರಿಗೆ ಹಾಕ್ತೀನಿ. ನನ್ನ ಫೋಟೊದಲ್ಲಿ ಯಾವತ್ತಾದ್ರೂ ಒಂದು ಚುಕ್ಕೆ ಕೊಳೆ ಕಂಡಿದೀಯಾ?”

ಕಂಡಿರಲಿಲ್ಲ. ಅತಿ ಸ್ವಚ್ಛ ಚಿತ್ರಕ್ಕೆ ಕ್ಲಬ್ಬು ಕೊಡುವ ಬಹುಮಾನ ವರ್ಷವರ್ಷವೂ ಅವನ ಮನೆಗೇ ಹೋಗುತ್ತಿತ್ತು. ಹೊರಡುವಾಗ ಅವನು ಗೇಟಿನ ಬಳಿ ನಿಂತು, ಹೆಸರಿನ ವಿಷಯ ಮರೆಯಬೇಡ ಎಂದು ಎರಡು ಸಲ ನೆನಪಿಸಿದ.

ಮುಂದಿನ ವಾರ ಕ್ಲಬ್ಬಿನ ಕಾರ್ಯದರ್ಶಿ ನೆವಿಲ್ ಫೋನ್ ಮಾಡಿದ.

“ಹ್ಯಾಲಮ್ ಧೂಮಕೇತು ಕಣಯ್ಯಾ! ಹೊಚ್ಚ ಹೊಸದು! ಜೇಡ ನೀಹಾರಿಕೆ ಪಕ್ಕದಲ್ಲೇ! ಚಿಲಿ ದೇಶದ ದೊಡ್ಡ ಟೆಲಿಸ್ಕೋಪಿನವರೂ ನೋಡಿ ಹೌದು ಅಂದಿದ್ದಾರೆ!”

ಮರ್ವಿನ್ ಕುರ್ಚಿ ಎಳೆದುಕೊಂಡು ಕುಳಿತ. ಕಣ್ಣಲ್ಲಿ ನೀರು ಬಂತು.

“ನನ್ನ ಯಾವ ಫೋಟೊದಲ್ಲಿತ್ತು ನೆವಿಲ್?”

“ನಿನ್ನದರಲ್ಲಿ ಏನಿರತ್ತೆ, ತೊಳೆದು ಒರೆಸಿ ಇಟ್ಟಿರ್ತೀಯ. ಗ್ಲೆನಿಸ್ ಕಳಿಸಿದ್ದು! ಈ ಕಲೆ ತೆಗೆಯೋದು ಹೆಂಗೆ ಅಂತ ಕೇಳಿದ್ಲು, ಪಾಪ. ನಾನೇ ಅವಳ ಹೆಸರಲ್ಲಿ ವರದಿ ಕಳಿಸಿದೆ. ಅವಳ ಫೋನು ಒಂದೇ ಸಮ ಎಂಗೇಜು. ಸ್ವಲ್ಪ ಹೋಗಿ ಹೇಳಿಬಿಡು.”

ಮರ್ವಿನ್ ತನ್ನ ಬಿಡಿ ಫೋಟೊಗಳನ್ನು ಮೊಟ್ಟಮೊದಲ ಬಾರಿಗೆ ತೆರೆದ. ಅವಳಿಗಿಂತ ಮೂರು ರಾತ್ರಿ ಮೊದಲೇ ಅದು ಅಲ್ಲಿತ್ತು. ಅವಳದಕ್ಕಿಂತ ದುಂಡಗೆ, ಅವಳದಕ್ಕಿಂತ ಸ್ಪಷ್ಟವಾಗಿ, ಒಂದರಿಂದ ಒಂದಕ್ಕೆ ನಿಧಾನವಾಗಿ ಕದಲುತ್ತಿತ್ತು. ಪೇರಿಸಿದ ಚಿತ್ರದಲ್ಲಿ ಮಾತ್ರ ಆ ಜಾಗ ಗುಡಿಸಿ ಸಾರಿಸಿದ ಹಾಗಿತ್ತು. ಅವನು ಹಣೆ ಹಣೆ ಚಚ್ಚಿಕೊಂಡ.

ಸ್ವಲ್ಪ ಹೊತ್ತಿನಲ್ಲಿ ಒಂದು ಸಮಾಧಾನ ಹೊಳೆಯಿತು. ಹೇಗಾದರೂ ಆಗಲಿ, ಮೇಲೆ ಹೋಗುವುದು ಹ್ಯಾಲಮ್ ಎನ್ನುವ ಹೆಸರೇ ತಾನೇ? ನೂರು ವರ್ಷ ಕಳೆದ ಮೇಲೆ ಯಾವ ಹ್ಯಾಲಮ್ ಎಂದು ಯಾರು ಕೇಳುತ್ತಾರೆ? ಬೇಕರಿಯಲ್ಲಿ ಅವಳಿಗೆ ಇಷ್ಟವಾದ ಲ್ಯಾಮಿಂಗ್ಟನ್ ಕೇಕು ಕಟ್ಟಿಸಿಕೊಂಡು ಓಡಿದ.

ಗ್ಲೆನಿಸ್ ಆಗಷ್ಟೇ ಫೋನ್ ಕೆಳಗಿಡುತ್ತಿದ್ದಳು.

“ಗ್ಲೆನ್, ಹೆಸರು ಬದಲಾಯಿಸೋದು ಬೇಡ. ನಂದೇ ತಪ್ಪು. ಹ್ಯಾಲಮ್ ಅಂತಲೇ ಇಟ್ಕೋ.”

“ಅಯ್ಯೋ, ಸೋಮವಾರವೇ ಬದಲಾಯಿಸಿ ಬಂದೆನಲ್ಲ. ಈಗ ಮತ್ತೆ ಅಪ್ಪನ ಮನೆ ಹೆಸರು, ಬ್ರೆನನ್. ಫೋನಲ್ಲಿ ಹೆಸರು ಇಡೋರಿಗೂ ಅದನ್ನೇ ಬರೆಸಿದೆ.”

“ಧೂಮಕೇತುಗೂ?”

“ಧೂಮಕೇತುಗೂ.” ಅವಳು ಪೊಟ್ಟಣ ಬಿಚ್ಚಿ, ಒಂದು ಕೇಕು ಬಾಯಿಗಿಟ್ಟುಕೊಂಡಳು. “ಆಕಾಶಕ್ಕೆ ಒಬ್ಬನೇ ಹ್ಯಾಲಮ್ ಸಾಕು ಅಂತಿದ್ದೆಯಲ್ಲ ಮರ್ವ್. ಈಗ ಒಬ್ಬನೂ ಇಲ್ಲ. ಒಂದು ಚುಕ್ಕೆ ಕೊಳೆ ಇಲ್ಲ, ನೋಡು.”