ಅಜ್ಜಿ ಸೇದಿದ ಬೀಡಿ

ಒಣ ಎಲೆ ಸುಟ್ಟ ಘಾಟು ಬಂದರೆ ಈಗಲೂ ನನಗೆ ಶಹಾಬಾದಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜಿಗೆ ದಮ್ಮು ಹೆಚ್ಚಾಗಿತ್ತು. ತಣ್ಣನೆಯ ಹಾಸುಗಲ್ಲಿನ ಮೇಲೆ ಕೂತು, ಗೋಡೆ ಹಿಡಿದು ಏದುತ್ತಿದ್ದಳು. ಹಕೀಮರು ದಮ್ಮಿಗೆಂದು ಒಣಗಿದ ಮದಗುಣಕಿ, ಅಂದರೆ ದತ್ತೂರಿ ಎಲೆಯನ್ನು ಬೀಡಿಯಂತೆ ಸುತ್ತಿ ಕೊಟ್ಟಿದ್ದರು. ಬೀಡಿ ಸೇದುವವರನ್ನು ಮನೆಯ ಕಟ್ಟೆಗೂ ಹತ್ತಿಸದ ಅಜ್ಜಿ ತಲೆ ಅಲ್ಲಾಡಿಸಿದಳು.

"ಕೊರಳಾಗ ಲಿಂಗ ಅದ. ನಾ ಒಲ್ಲೆ."

"ಇದು ಔಷಧ ಅದ, ಯವ್ವಾ," ಎಂದು ಅಪ್ಪ ಬಾಗಿಲು ಮುಚ್ಚಿದ. ಬೀಡಿಯನ್ನು ತನ್ನ ತುಟಿಗಿಟ್ಟು, ಒಂದೇ ಕಡ್ಡಿಯಲ್ಲಿ ಹೊತ್ತಿಸಿ ಅವಳ ಕೈಗೆ ಕೊಟ್ಟ. ಅವಳಿಗೆ ನಾಚಿಕೆಯಾಗದಿರಲೆಂದು ನನ್ನನ್ನೂ ತಿರುಗಿಸಿ, ತಾನೂ ಗೋಡೆಗೆ ಮುಖ ಮಾಡಿ ನಿಂತ.

ಹಿಂದಿನಿಂದ ಕೆಮ್ಮು ಕೇಳಿತು. ಬಹಳ ಹೊತ್ತಿನ ಮೇಲೆ ಅವಳ ಉಸಿರು ಹಗುರಾಯಿತು.

"ಬೀಡಿ ಹಚ್ಚೋದು ಭಾಳ ಚಂದ ಕಲ್ತೀದಿ," ಎಂದಳು ಅಜ್ಜಿ.

ಅಪ್ಪ ಗೋಡೆಯನ್ನೇ ನೋಡುತ್ತ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ.