ಬಿಷಪ್ಪರ ಪತ್ರ

ಯುದ್ಧ ಪಾಪವೆಂದು ಬಿಷಪ್ಪರು ಬರೆದ ಪತ್ರವನ್ನು ಈಸ್ಟರ್ ದಿನ ಎಲ್ಲ ಚರ್ಚುಗಳಲ್ಲೂ ಓದಿದರು. ಜನ ಬೀದಿಗಿಳಿದರು, ವಾರದೊಳಗೆ ಯುದ್ಧ ನಿಂತಿತು.

ಹತ್ತು ವರ್ಷಗಳ ಬಳಿಕ ಮಂತ್ರಿಗಳು ಆ ಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿ, ಮುದಿ ಬಿಷಪ್ಪರಿಗೆ ಶಾಲು ಹೊದಿಸಿದರು.

ಸಮಾರಂಭ ಮುಗಿದ ಮೇಲೆ ಸೈನಿಕನೊಬ್ಬನ ತಾಯಿ ಬಂದು, ಪತ್ರದ ಕೆಳಗಿದ್ದ ತಾರೀಕಿನ ಮೇಲೆ ಬೆರಳಿಟ್ಟಳು.

“ಸ್ವಾಮಿ, ನನ್ನ ಮಗನೂ ಆ ಯುದ್ಧಕ್ಕೆ ಹೋಗಿದ್ದ. ಇದು ಈಸ್ಟರಿಗಿಂತ ಒಂದೂವರೆ ತಿಂಗಳು ಹಿಂದಿನದಲ್ವಾ?”

“ಹೌದಮ್ಮಾ, ಉಪವಾಸ ಶುರುವಾಗೋ ಬೂದಿ ಬುಧವಾರವೇ ಬರೆದಿದ್ದೆ. ಚುನಾವಣೆ ಮುಗೀಲಿ, ಆಮೇಲೆ ಓದಿಸಿ ಅಂತ ಇದೇ ಮಂತ್ರಿಗಳು ಕೇಳ್ಕೊಂಡ್ರು. ಡ್ರಾಯರಿನಲ್ಲೇ ಇಟ್ಕೊಂಡಿದ್ದೆ.” ಬಿಷಪ್ಪರು ತಲೆ ತಗ್ಗಿಸಿದರು. “ನಿಮ್ಮ ಮಗ ವಾಪಸ್ ಬಂದ್ನೇನಮ್ಮಾ?”

“ಬಂದ ಸ್ವಾಮಿ, ಈಸ್ಟರಿಗೆ ಒಂದು ವಾರ ಮುಂಚೆ, ಪೆಟ್ಟಿಗೆಯಲ್ಲಿ. ಮೊದಲ ಹಿಡಿ ಮಣ್ಣು ನೀವೇ ಹಾಕಿದ್ದು.”