ಗೆಥಿನ್‌ನ ಬೈಕು ನೆಕ್ಕಿದ ಕುರಿಗಳು

ತುಕ್ಕಿನ ಮೇಲಾಣೆ, ಇದು ನಡೆದದ್ದೇ. ವೇಲ್ಸಿನ ಬೆಟ್ಟದೂರಿನ ಗೆಥಿನ್ ಪೊರಕೆ ಹಿಡಿದು ಮನೆಯಿಂದ ಓಡಿ ಬಂದಾಗ, ಪಕ್ಕದ ಮನೆಯ ನೆರಿಸ್ ಸಾಕಿದ ಕುರಿಗಳು ಅವನ ಬೈಕನ್ನು ಮುತ್ತಿಕೊಂಡು ನೆಕ್ಕುತ್ತಿದ್ದವು. ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪು ಬೈಕಿನ ಮೈತುಂಬ ಮೆತ್ತಿತ್ತು. ತೊಳೆಯೋಣವೆಂದರೆ ನಲ್ಲಿಯ ನೀರು ಹೆಪ್ಪುಗಟ್ಟಿತ್ತು. ಮಗುವಿಗೆ ಸವರಿದಂತೆ ಎಣ್ಣೆ ಸವರಿ ಸಾಕಿದ ಬೈಕು ಇನ್ನು ತುಕ್ಕಿನ ಪಾಲೆಂದು ಅವನು ಬೆಳಗಿನಿಂದ ಕುದಿಯುತ್ತಿದ್ದ.

“ಕುರಿಗೆ ಮೇವು ಹಾಕೋ ಯೋಗ್ಯತೆ ಇಲ್ವಾ ನಿಂಗೆ? ನನ್ನ ಬೈಕೇ ಬೇಕಿತ್ತಾ?”

“ಉಪ್ಪು ಬಳ್ಕೊಂಡು ಬಂದು ಬೀದೀಲಿ ನಿಲ್ಸಿದೋನು ನೀನು. ಬಡಿಸಿಟ್ಟು ಈಗ ತಟ್ಟೆ ಎಳ್ಕೋತೀಯಾ?” ಎಂದಳು ತನ್ನ ಮನೆಬಾಗಿಲಿಗೆ ಬಂದ ನೆರಿಸ್.

ಹೊಡೆಯಲು ಎತ್ತಿದ ಪೊರಕೆ ಗಾಳಿಯಲ್ಲೇ ನಿಂತಿತು. ದೊಡ್ಡ ಕುರಿ ನೆಕ್ಕಿ ಬಿಟ್ಟ ಟ್ಯಾಂಕಿನಲ್ಲಿ ಅವನದೇ ಕೆಂಡದಂಥ ಮುಖ, ಮೀಸೆಯ ಒಂದೊಂದು ಕೂದಲೂ ಕಾಣುವಂತೆ ಹೊಳೆಯುತ್ತಿತ್ತು.

“ಬನ್ರೇ, ಈ ಜಿಪುಣನ ಸಹವಾಸ ಬೇಡ,” ಎಂದು ನೆರಿಸ್ ಸಿಳ್ಳೆ ಹಾಕಿದಳು. ಕುರಿಗಳು ಹೊರಟವು.

“ಏಯ್, ಹಿಂದಿನ ಚಕ್ರ ಯಾರು ನೆಕ್ತಾರೆ? ಅರ್ಧಕ್ಕೆ ಬಿಟ್ಟು ಹೋಗೋದು ಯಾವೂರ ನ್ಯಾಯ?” ಎಂದು ಗೆಥಿನ್ ಪೊರಕೆ ಎಸೆದು ಅವುಗಳ ಹಿಂದೆ ಓಡಿದ.

ನಂಬಿಕೆ ಬರಲಿಲ್ಲವೇ? ಸರಿ, ಉಪ್ಪು ಮೆತ್ತಿದ ನಿಮ್ಮ ಬೈಕನ್ನೇ ತನ್ನಿ. ಬರುವಾಗ ಕುರಿಗಳಿಗೆ ಒಂದು ಕಟ್ಟು ಹುಲ್ಲು, ಕಥೆ ಹೇಳಿ ಒಣಗಿದ ಬಾಯಿಗೆ ಒಂದು ಲೋಟ ಬಿಯರು ಮರೆಯಬೇಡಿ.